ಕೊಬ್ಬಿನಲ್ಲಿ ಬಿಟ್ಟ ಮೂರು ಗಂಟು

ನನ್ನ ಚಿಕ್ಕಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಬರುತ್ತದೆ. ಹೆಚ್ಚುಕಡಿಮೆ ಒಂದು ವರ್ಷ ಹೇಳಿದ್ದಾಳೆ, ಅದೂ ಅಚ್ಚುಕಟ್ಟಾಗಿ.

ಆಸ್ಪತ್ರೆಯ ಲ್ಯಾಬಿನಲ್ಲಿ ಅವಳದು ಇಪ್ಪತ್ತಾರು ವರ್ಷದ ನೌಕರಿ. ಆಪರೇಷನ್ ಮಾಡಿ ತೆಗೆದ ಕರುಳು, ಗಡ್ಡೆ, ಗರ್ಭಕೋಶಗಳೆಲ್ಲ ಫಾರ್ಮಾಲಿನ್ ತುಂಬಿದ ಡಬ್ಬಿಗಳಲ್ಲಿ ಅಲ್ಲಿಗೆ ಬರುತ್ತವೆ. ಅವನ್ನು ಅಳೆದು, ಕೊಯ್ದು, ಪರೀಕ್ಷೆಗೆ ಬೇಕಾದ ಚೂರುಗಳನ್ನು ಕ್ಯಾಸೆಟ್ ಎಂಬ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕುವುದು ಡಾಕ್ಟರ ಕೆಲಸ. ಆ ಚೂರುಗಳನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ಬಣ್ಣ ಹಾಕುವುದು ಚಿಕ್ಕಮ್ಮನದು. ಮದುವೆ ಆಗಲಿಲ್ಲ. ಅಜ್ಜಿಯನ್ನು ನೋಡಿಕೊಂಡಳು, ಅಜ್ಜಿ ತೀರಿಕೊಂಡರು, ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಉಳಿದಳು. ಫಾರ್ಮಾಲಿನ್ ವಾಸನೆ ಕೂದಲಿಗೆ ಹತ್ತಿಬಿಟ್ಟಿದೆ, ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ವಿವರವಾಗಿ ಹೇಳುತ್ತಾಳೆ, ಕೇಳಿದವರು ಊಟ ಬಿಟ್ಟು ಏಳುತ್ತಾರೆ. ನಾನೇನು ದೊಡ್ಡ ಸಾಚಾ ಅಲ್ಲ. ಭಾನುವಾರ ಹತ್ತು ನಿಮಿಷ ಫೋನು ಮಾಡಿ ಕೈ ತೊಳೆದುಕೊಳ್ಳುತ್ತೇನೆ.

ಹೋದ ವರ್ಷ ಡಾಕ್ಟರುಗಳು ಸಾಲದೆ ಹೋದರು. ಕೊಯ್ಯುವ ಕೆಲಸವನ್ನು ಲ್ಯಾಬಿನವರಿಗೇ ಕಲಿಸಬೇಕೆಂದು ತೀರ್ಮಾನವಾಯಿತು. ಡಾಕ್ಟರರ ಕಣ್ಣೆದುರು ಐವತ್ತು ದೊಡ್ಡ ಸ್ಪೆಸಿಮೆನ್ ಕೊಯ್ಯಬೇಕು, ಪ್ರತಿಯೊಂದಕ್ಕೂ ಪುಸ್ತಕದಲ್ಲಿ ಅವರ ಸಹಿ ಬೀಳಬೇಕು. ಐವತ್ತಾದ ಮೇಲೆ ಒಬ್ಬರೇ ಕೊಯ್ಯಬಹುದು. ಮೊದಲ ಹೆಸರು ಚಿಕ್ಕಮ್ಮನದು. ಕಲಿಸಲು ಬಂದವಳು ಮೂವತ್ತೆರಡರ ಡಾಕ್ಟರಮ್ಮ. ಬಾಯಿ ತುಂಬ ಮಾತು. ಚಿಕ್ಕಮ್ಮನನ್ನು ಮೊದಲ ದಿನದಿಂದಲೇ ‘ಅಕ್ಕ’ ಎಂದಳು.

ಕರುಳಿನ ಕ್ಯಾನ್ಸರಿನಲ್ಲಿ ಒಂದು ಕಷ್ಟದ ಕೆಲಸವಿದೆ. ಕರುಳಿಗಂಟಿದ ಕೊಬ್ಬಿನಲ್ಲಿ ಸಣ್ಣ ಗಂಟುಗಳು ಹುದುಗಿರುತ್ತವೆ, ಲ್ಯಾಬಿನವರು ಅವನ್ನು ನೋಡ್ ಎನ್ನುತ್ತಾರೆ. ರೋಗ ಹರಡಿದ್ದರೆ ಮೊದಲು ಸಿಗುವುದು ಅಲ್ಲೇ. ಕಡಿಮೆ ಎಂದರೂ ಹನ್ನೆರಡು ಹುಡುಕಬೇಕು. ಕೊಬ್ಬನ್ನು ತೆಳ್ಳಗೆ ಹೆಚ್ಚಿ ಬೆರಳ ನಡುವೆ ಹಿಸುಕುತ್ತಾ ಹೋಗಬೇಕು, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ. ಹನ್ನೆರಡು ಸಿಗದಿದ್ದರೆ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು ಮತ್ತೊಮ್ಮೆ ಹುಡುಕುತ್ತಿದ್ದಳು. ಅರ್ಧ ಗಂಟೆ ಆಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಅವಳ ಅತ್ತೆಯ ಮಂಡಿನೋವು, ಮಗಳ ಹಠ, ಗಂಡನ ಗೊರಕೆ ಎಲ್ಲ ಮೇಜಿನ ಮೇಲೆ ಬರುತ್ತಿತ್ತು. “ನೀವು ಮಧ್ಯಾಹ್ನ ಏನ್ ತಿಂದ್ರಿ ಅಕ್ಕ?” ಎಂದೂ ಕೇಳುತ್ತಿದ್ದಳು. ಎಷ್ಟೋ ವರ್ಷದಿಂದ ಆ ಪ್ರಶ್ನೆಯನ್ನು ಚಿಕ್ಕಮ್ಮನಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎರಡು ತಿಂಗಳಲ್ಲಿ ಚಿಕ್ಕಮ್ಮನ ಬೆರಳು ಪಳಗಿತು. ಹದಿನೈದು, ಹದಿನೆಂಟು ಸಲೀಸಾಗಿ ಸಿಗುತ್ತಿದ್ದವು. ಅಲ್ಲಿಂದ ಶುರುವಾಯಿತು ಸುಳ್ಳು. ಎಂಟೋ ಒಂಬತ್ತೋ ತೆಗೆದು, ಉಳಿದವು ಎಲ್ಲಿವೆ ಎಂದು ಗೊತ್ತಿದ್ದೂ ಕೊಬ್ಬಿನಲ್ಲೇ ಬಿಟ್ಟು, “ಸಿಗ್ತಾ ಇಲ್ಲ ಮೇಡಂ” ಎನ್ನುತ್ತಿದ್ದಳು. ಡಾಕ್ಟರಮ್ಮ ಬಂದು ಕೂರುತ್ತಿದ್ದಳು. ಪ್ರತಿ ಸಲವೂ ಎಲ್ಲವನ್ನೂ ಹುಡುಕಿ ತೆಗೆಯುತ್ತಿದ್ದಳು, ಯಾವ ರೋಗಿಗೂ ತೊಂದರೆಯಾಗಲಿಲ್ಲ. ಸಹಿಗಳು ಮಾತ್ರ ಒಂದೊಂದೇ ತುಂಬುತ್ತಾ ಬಂದವು. ಐವತ್ತಾದ ಮೇಲೆ ಸ್ಟೂಲು ಖಾಲಿ ಎಂದು ಚಿಕ್ಕಮ್ಮನಿಗೆ ಗೊತ್ತಿತ್ತು.

ಐವತ್ತನೆಯದೂ ಕರುಳೇ. ಐವತ್ತೆರಡು ವರ್ಷದ ಹೆಂಗಸಿನದು, ಡಬ್ಬಿಯ ಮೇಲೆ ವಯಸ್ಸು ಬರೆದಿತ್ತು. ಚಿಕ್ಕಮ್ಮ ಒಂಬತ್ತು ತೆಗೆದಳು, ಮೂರನ್ನು ಬಿಟ್ಟಳು, ಎಂದಿನಂತೆ ಕರೆದಳು. ಡಾಕ್ಟರಮ್ಮನಿಗೆ ಅವತ್ತು ಮೀಟಿಂಗ್.

“ನಿಮ್ಮ ಬೆರಳಿಗೆ ಸಿಗದೇ ಇರೋದು ನನಗೆಲ್ಲಿ ಸಿಗುತ್ತೆ ಅಕ್ಕ? ಒಂಬತ್ತೇ ಇರಬೇಕು ಬಿಡಿ. ಇನ್ಮೇಲೆ ನೀವೇ ಡಾಕ್ಟರು!” ಎಂದು ನಿಂತಲ್ಲೇ ಸಹಿ ಹಾಕಿ ಹೊರಟೇಹೋದಳು.

ಚಿಕ್ಕಮ್ಮ ಆ ಕೊಬ್ಬನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳಂತೆ. ಆ ಮೂರರಲ್ಲಿ ಒಂದರಲ್ಲಿ ರೋಗವಿದ್ದರೂ ಆ ಹೆಂಗಸಿಗೆ ಮುಂದಿನ ಚಿಕಿತ್ಸೆ ಬೇಕು. ಸಿಗಲಿಲ್ಲ ಎಂದರೆ ಗುಣವಾಯಿತೆಂದು ಮನೆಗೆ ಹೋಗುತ್ತಾಳೆ. ಮೂರನ್ನೂ ಬಿಡಿಸಿ ಕ್ಯಾಸೆಟ್ಟಿಗೆ ಹಾಕಿದಳು. ಹಾಕಿ ಸುಮ್ಮನಿರಬಹುದಿತ್ತು.

“ಆಮೇಲೆ ಸಿಕ್ತು ಅಂತ ಬರೆದಿದ್ರೆ ಮುಗೀತಿತ್ತಲ್ಲ ಚಿಕ್ಕಮ್ಮ! ಯಾರು ಕೇಳ್ತಿದ್ರು?” ಎಂದು ಅವತ್ತು ರಾತ್ರಿ ಅವಳೇ ಫೋನು ಮಾಡಿ ನಡೆದದ್ದನ್ನು ಹೇಳಿದಾಗ ನಾನು ರೇಗಿದೆ.

“ಇವತ್ತು ಅವಳು ನನ್ನನ್ನ ನಂಬಿ ಹುಡುಕದೇ ಹೋದ್ಲು ಕಣೆ. ಆ ನಂಬಿಕೆ ಇಟ್ಕೊಂಡು ನಾಳೆ ಒಬ್ಬಳೇ ಹೇಗೆ ಕುಯ್ಯಲಿ?”

ಮೀಟಿಂಗ್ ಮುಗಿಯುವವರೆಗೆ ಬಾಗಿಲಲ್ಲಿ ಕಾದು ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದ್ದಳು. ಯಾಕೆ ಬಿಡುತ್ತಿದ್ದಳೆಂಬುದನ್ನೂ. ಡಾಕ್ಟರಮ್ಮನ ಮುಖ ಕೆಂಪಾಯಿತು, ಕಣ್ಣು ತುಂಬಿತು. “ಒಂದು ಮಾತು ಹೇಳಿದ್ರೆ ಸುಮ್ನೆ ಬಂದು ಕೂರ್ತಿದ್ದೆನಲ್ಲ ಅಕ್ಕ,” ಎಂದಳು. ಆಮೇಲೆ ಸಹಿಯ ಪುಸ್ತಕ ತೆಗೆದುಕೊಂಡು ಹೋದಳು, ವಿಭಾಗದ ದೊಡ್ಡ ಡಾಕ್ಟರಿಗೆ ತಿಳಿಸದೆ ಇರಲು ಅವಳಿಗೂ ಆಗುತ್ತಿರಲಿಲ್ಲ.

ಐವತ್ತು ಸಹಿಯನ್ನೂ ಹೊಡೆದುಹಾಕಿದರು. ಮತ್ತೆ ಒಂದರಿಂದ. ಈಗ ಪಕ್ಕದಲ್ಲಿ ನಿಲ್ಲುವವರು ಆ ದೊಡ್ಡ ಡಾಕ್ಟರೇ. ಅವರು ಸ್ಟೂಲಿನ ಮೇಲೆ ಕೂರುವುದಿಲ್ಲ, ಕೆಲಸಕ್ಕೆ ಬೇಕಾದ್ದು ಬಿಟ್ಟು ಒಂದು ಮಾತೂ ಆಡುವುದಿಲ್ಲ. ಡಾಕ್ಟರಮ್ಮ ಕಾರಿಡಾರಿನಲ್ಲಿ ಎದುರಾದರೆ ತಲೆ ಆಡಿಸಿ ಹೋಗುತ್ತಾಳೆ.

ಮೊದಲ ದಿನ ಅವರೆದುರು ಚಿಕ್ಕಮ್ಮನಿಗೆ ಬಂದದ್ದು ಮತ್ತೊಂದು ಕರುಳು. ಒಂದನ್ನೂ ಬಿಡಲಿಲ್ಲ. ಹತ್ತೊಂಬತ್ತು ಗಂಟು ತೆಗೆದು ಸಾಲಾಗಿ ಇಟ್ಟಳು, ಹತ್ತು ನಿಮಿಷದಲ್ಲಿ.