ಎರಡು ಕಾಲುವೆಗಳ ನಡುವಿನ ಹೊಲ

ಕಂಪ್ಯೂಟರಿನಲ್ಲಿ ನಕ್ಷೆ ನೋಡುವಾಗ ಅಕ್ಕ ಎಡಗಣ್ಣು ಮುಚ್ಚಿ, ಮೂಗುತಿ ಪರದೆಗೆ ತಾಗುವಷ್ಟು ಬಾಗುತ್ತಿದ್ದರು. ಕಾಲುವೆಯ ಕಚೇರಿಗೆ ನಾನು ಸೇರಿದಾಗ ನಕ್ಷೆ ವಿಭಾಗದ ಹಿರಿಯರು ಅವರೇ; ಕಚೇರಿಗೆಲ್ಲ ಅವರು ಅಕ್ಕ. ಸುರಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಗೆರೆ ತಪ್ಪಿದರೆ ಬೈಯುತ್ತಿರಲಿಲ್ಲ. “ಆ ಗೆರಿ ಕೆಳಗ ಯಾರದರ ಹೊಲ ಇರ್ತದ. ನೋಡಿ ಎಳಿ” ಎನ್ನುತ್ತಿದ್ದರು.

ಒಂದು ಬೇಸಿಗೆ, ಶಹಾಪುರದ ಕಡೆಯ ರೈತ ಹೆಂಗಸೊಬ್ಬಳು ಸೀದಾ ನಮ್ಮ ಮೇಜಿನ ಮುಂದೆ ಬಂದು ನಿಂತಳು.

“ಈ ಕಾಲುವಿಯವ್ರು ಆ ಕಾಲುವಿಯವ್ರನ್ನ ಕೇಳು ಅಂತಾರ, ಅವ್ರು ಇವ್ರನ್ನ ಕೇಳು ಅಂತಾರ. ನಮ್ಮ ಹೊಲಕ್ಕ ನೀರು ಕೊಡೋರು ಯಾರ್ರಿ ಅಕ್ಕಾರ?”

ಅಕ್ಕ ಆ ಊರಿನ ನಕ್ಷೆ ತೆರೆದರು. ಎರಡು ಕಾಲುವೆಗಳ ಅಚ್ಚುಕಟ್ಟಿನ ಗಡಿಗಳನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಎಳೆದಿದ್ದರು. ಒಂದರ ಮೇಲೊಂದು ಹಾಸಿದಾಗ ಆಕೆಯ ಹೊಲವಿದ್ದ ನೆಲದ ಪಟ್ಟಿ ಎರಡರಲ್ಲೂ ಬಿದ್ದಿತ್ತು. ಕಂಪ್ಯೂಟರ್ ಒಟ್ಟು ಎಕರೆ ಕೂಡಿಸುವಾಗ ಆ ನೆಲವನ್ನು ಎರಡೂ ಕಡೆ ಎಣಿಸುತ್ತಿತ್ತು. ನಿಜವಾಗಿ ಅಲ್ಲಿಗೆ ಯಾವ ಕಾಲುವೆಯ ನೀರೂ ಮುಟ್ಟುತ್ತಿರಲಿಲ್ಲ.

ಅಕ್ಕ ಆ ಪಟ್ಟಿಯನ್ನು ಬೇರೆ ತುಂಡಾಗಿ ಕತ್ತರಿಸಿ, ಹತ್ತಿರದ ಕಾಲುವೆಗೆ ಮಾತ್ರ ಸೇರಿಸಿದರು. ಉಳಿದ ಊರುಗಳಲ್ಲೂ ಹುಡುಕಿ ಹೀಗೇ ಸರಿಮಾಡಿದರು. ನೀರಾವರಿಯ ಒಟ್ಟು ಎಕರೆ ಇಳಿಯಿತು. ಸಾಹೇಬರು ಸಿಟ್ಟಾದರು.

“ಹೋದ ವರ್ಷಕ್ಕಿಂತ ಕಡಿಮಿ ಆಗ್ಯದ ಅಂತ ಮ್ಯಾಲಿನವ್ರಿಗಿ ಹೆಂಗ ಹೇಳ್ಲಿ?”

“ಇದ್ದದ್ದ ಹೇಳ್ರಿ ಸಾಹೇಬ್ರ. ಭೂಮಿ ಹೆಚ್ಚು ಮಾಡೋದು ನನ್ನ ಕೈಯಾಗ ಇಲ್ಲ.”

ಹಳೆಯ ಲೆಕ್ಕವೇ ಮೇಲೆ ಹೋಯಿತು. ಅಕ್ಕನನ್ನು ಯಾದಗಿರಿಗೆ, ಟಪಾಲು ವಿಭಾಗಕ್ಕೆ ಹಾಕಿದರು. ನೋಡಲು ಹೋದಾಗ ಲಕೋಟೆಗಳಿಗೆ ಮೊಹರು ಒತ್ತುತ್ತಾ ಕೂತಿದ್ದರು. “ಆಕಿ ಹೊಲಕ್ಕ ನೀರು ಹೋತೇನು?” ಎಂದಷ್ಟೇ ಕೇಳಿದರು. ಇಲ್ಲವೆಂದೆ. ಮತ್ತೆ ಮೊಹರು ಕೈಗೆತ್ತಿಕೊಂಡರು. ಆ ಚಳಿಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡರು.

ಆಮೇಲೆ ಬಂದ ಹೊಸ ಸಾಹೇಬರು ಅಕ್ಕನ ತಿದ್ದುಪಡಿಯನ್ನು ಒಪ್ಪಿ, ಆ ಪಟ್ಟಿಗೆ ನೀರು ಬಿಡಿಸಿದರು. ಇನ್ನೊಂದು ಹಂಗಾಮು ಇದ್ದಿದ್ದರೆ ಅಕ್ಕನೂ ಅದನ್ನು ನೋಡುತ್ತಿದ್ದರು.

ಒಂದು ದಿನ ಆ ಹೆಂಗಸು ಸೆರಗಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ಬಂದಳು. “ಅಕ್ಕಾರು ರಜಾ ಹಾಕ್ಯಾರೇನು?” ಎಂದಳು. ವಿಷಯ ಹೇಳಿದೆ. ಬಿಚ್ಚುತ್ತಿದ್ದ ಸೆರಗಿನ ಗಂಟನ್ನು ಮತ್ತೆ ಬಿಗಿದಳು.

“ಎಲ್ಲಿ ಮಣ್ಣು ಮಾಡ್ಯಾರ?”

ಇಬ್ಬರೂ ಸುರಪುರದ ಬಸ್ಸು ಹತ್ತಿದೆವು. ಊರಾಚೆಯ ಆ ಮಣ್ಣಿನ ದಿಬ್ಬದ ಬಳಿ ಆಕೆ ಸೆರಗು ಬಿಚ್ಚಿ ಶೇಂಗಾ ಸುರಿದಳು. ಆಮೇಲೆ ಮಣ್ಣಿನ ಮೇಲೆ ಅಂಗೈಯಿಟ್ಟು, ಪಕ್ಕದ ಕೋಣೆಯಲ್ಲಿದ್ದವರನ್ನು ಕೂಗುವ ಹಾಗೆ ಹೇಳಿದಳು:

“ನೀರು ಬಂತ್ರಿ, ಅಕ್ಕಾರ.”