ಬೇರಿಲ್ಲದ ಗಾರ್ಡನ್

ಹದಿನೈದು ದಿನದ ಹಿಂದೆ ಒಂದು ಬೆಳಿಗ್ಗೆ ಅಂಗಳ ಗುಡಿಸಲು ಬಾಗಿಲು ತೆರೆದರೆ ಸಾಸಿವೆ ಅರೆದಂಥ ಹಸಿ ಖಾರದ ವಾಸನೆ ಮೂಗಿಗೆ ಬಡಿಯಿತು. ನುಗ್ಗೆಯ ತೊಗಟೆ ಸೀಳಿದಾಗ ಬರುವ ವಾಸನೆ. ನೋಡಿದರೆ, ನಮ್ಮ ಲೇಔಟಿನ ಗಾರ್ಡನ್ನಿನಲ್ಲಿರುವ ನುಗ್ಗೆ ಮರದ ಕೊಂಬೆಗಳನ್ನು ಯಾರೋ ಕಡಿದು ಕೆಡವಿದ್ದರು. ಪಕ್ಕದಲ್ಲೇ ಇಬ್ಬರು ಟೇಪು ಹಿಡಿದು ನಿಂತಿದ್ದರು. ನೆಲದ ಮೇಲೆ ಸುಣ್ಣದ ಗೆರೆ ಬೇರೆ. ಏನು ನಡೆದಿದೆ ಎಂದು ಕೇಳಿದೆ.

"ಏನಿಲ್ರಿ ಅಕ್ಕಾರ, ಸುಮ್ನ ಅಳತಿ ಮಾಡಾಕತ್ತೇವಿ" ಎಂದರು.

ಮರ ಕಡಿದು, ಸುಣ್ಣ ಸುರಿದು, ಸುಮ್ಮನೆ ಯಾರಾದರೂ ಅಳೆಯುತ್ತಾರೆಯೇ? ನಾನಂತೂ ನಂಬಲಿಲ್ಲ. ಬಿದ್ದಿದ್ದ ಕೊಂಬೆಯೊಂದನ್ನು ಎತ್ತಿಕೊಂಡು ಅದರ ಕಡಿದ ತುದಿ ನೋಡುತ್ತ ನಿಂತಾಗ ಹಳೇ ಮನೆಯ ಪಕ್ಕದ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ನೆನಪಾದರು...

ನಾನು ಲಚ್ಯಾಣದ ಕಡೆಯಿಂದ ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದಾಗ ನಾವಿದ್ದದ್ದು ಊರೊಳಗಿನ ಇಕ್ಕಟ್ಟಾದ ಓಣಿಯಲ್ಲಿ. ನಮಗೂ ಖಾಲಾಗೂ ನಡುವೆ ಒಂದೇ ಗೋಡೆ. ಅವರೊಂದಿಗೆ ಸಂತೆಗೆ ಹೋಗುವುದೆಂದರೆ ನನಗೆ ನಾಚಿಕೆಯೋ ನಾಚಿಕೆ. ಬೆಂಡೆಕಾಯಿಯ ತುದಿ ಎಲ್ಲರೂ ಮುರಿದು ನೋಡುತ್ತಾರೆ, ಬಿಡಿ. ಇವರು ಬೆಲ್ಲಕ್ಕೆ ಹೆಬ್ಬೆರಳು ಒತ್ತುತ್ತಿದ್ದರು, ಜೋಳ ಕಡಿದು ಉಗುಳುತ್ತಿದ್ದರು, ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಒಮ್ಮೆ ಜೋಳದ ವ್ಯಾಪಾರಿ ರೇಗಿ, "ತಕ್ಕಡಿನೂ ಒಂದ್ಸಲ ಕಡದ ನೋಡ್ರಿ ಖಾಲಾ" ಎಂದ. ಖಾಲಾ ತಕ್ಕಡಿಯನ್ನು ಕಡಿಯಲಿಲ್ಲ, ಆದರೆ ಅದನ್ನು ಮಗುಚಿ ತಳ ನೋಡಿಯೇ ಬಿಟ್ಟರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಬೇರೆಯವರು ಆಡುತ್ತಾರೆ, ಅವರು ಹಾಗೆಯೇ ಬದುಕುತ್ತಿದ್ದರು.

ನಾನು ಬಂದ ಕೆಲವು ತಿಂಗಳಿಗೆ ಅವರ ಗಂಡ ತೀರಿಕೊಂಡರು. ಓಣಿಯ ತಿರುವಿನಲ್ಲಿ ಶವ ಹೊತ್ತ ಜನಾಜಾ ಹೊರಳಲಿಲ್ಲ. ಹೊತ್ತವರು ನಿಂತರು, ಹಿಂದಕ್ಕೆ ಸರಿದರು, ಕೊನೆಗೆ ಒಂದು ಬದಿ ಎತ್ತಿ, ಇನ್ನೊಂದು ಬದಿ ಇಳಿಸಿ, ಗೋಡೆಗೆ ತಾಗದಂತೆ ಕೈ ಅಡ್ಡ ಕೊಟ್ಟು ಓರೆಯಾಗಿ ದಾಟಿಸಿದರು. ಖಾಲಾ ಹೊಸ್ತಿಲಲ್ಲಿ ನಿಂತು ಅದನ್ನೆಲ್ಲ ನೋಡಿದರು. ಆಮೇಲೆ ನನ್ನ ಹತ್ತಿರ ಒಂದೇ ಮಾತು ಹೇಳುತ್ತಿದ್ದರು: "ಮನಿ ಸಣ್ಣದಿದ್ರೂ ನಡೀತೈತಿ ಬೇ. ನಾಕ ಮಂದಿ ಹೆಗಲ ಕೊಟ್ಟು ನೆಟ್ಟಗ ಒಯ್ಯೂವಷ್ಟ ರಸ್ತೆ ಬೇಕ ನನಗ."

ಅದೇ ಹೊತ್ತಿಗೆ ಊರ ಹೊರಗಿನ ಎರೆಹೊಲವೊಂದು ಕೃಷಿಯೇತರ ಜಮೀನೆಂದು ಎನ್.ಎ. ಆಗಿ ಲೇಔಟಾಗುತ್ತಿತ್ತು. ನಮ್ಮ ಓಣಿಯ ಹಲವರು ಪ್ಲಾಟಿಗೆ ಮುಂಗಡ ಕೊಟ್ಟೆವು. ಖಾಲಾ ಗಾರ್ಡನ್ನಿನ ಎದುರಿನ ಪ್ಲಾಟು ಹಿಡಿದರು. ಬಣ್ಣದ ನಕಾಶೆಯಲ್ಲಿ ಗಾರ್ಡನ್ ಹಸಿರು ಚೌಕ, ಅದರ ಮುಂದೆ ಅಗಲವಾದ ರಸ್ತೆ. ನೆಲದ ಮೇಲೆ ಮಾತ್ರ ಜಾಲಿಕಂಟಿ. ನಕಾಶೆಯಲ್ಲಿ ತೋರಿಸಿದ್ದೆಲ್ಲ ನಿಜಕ್ಕೂ ಇದೆಯೇ ಎಂದು ಅಧಿಕಾರಿಗಳು ಬಂದು ನೋಡಬೇಕು, ನೋಡಿ ಮಂಜೂರಿ ಕೊಟ್ಟರೆ ಮಾತ್ರ ಪ್ಲಾಟು ನಮ್ಮ ಹೆಸರಿಗೆ ಆಗುವುದು. ಸಿಂದಗಿಯಲ್ಲಿದ್ದ ಖಾಲಾನ ತಂಗಿ ಮನೆ ಕಟ್ಟಿದ ಮೇಲೆ ಎದುರಿನ ಗಾರ್ಡನ್ನಿನಲ್ಲಿ ಯಾರದೋ ಬಂಗಲೆ ಎದ್ದಿತ್ತಂತೆ. ಹಾಗಾಗಿ ಅಧಿಕಾರಿ ಬರುವ ದಿನ ಖಾಲಾ ನನ್ನನ್ನೂ ಟಂಟಂ ಹತ್ತಿಸಿಕೊಂಡು ಹೋದರು.

ಹೋಗಿ ನೋಡಿದರೆ ಗಾರ್ಡನ್ ಹಚ್ಚಹಸಿರು! ಹಿಂದಿನ ವಾರ ಜಾಲಿ ಇದ್ದಲ್ಲಿ ಸಾಲಾಗಿ ಸಸಿಗಳು, ಬುಡದಲ್ಲಿ ಪಾತಿ, ಪಾತಿಯಲ್ಲಿ ನೀರು. ನನಗೆ ಸಂತೋಷವೇ ಆಯಿತು. ಖಾಲಾ ಮಾತ್ರ ಬಾಡಿ ಜೋತುಬಿದ್ದ ಎಲೆಗಳನ್ನು ನೋಡುತ್ತಿದ್ದರು. ಅಧಿಕಾರಿ ನಕಾಶೆ ಬಿಚ್ಚುವ ಮೊದಲೇ ಲೇಔಟಿನ ಏಜೆಂಟು, "ಎಲ್ಲಾ ಬೇರ ಇರೂ ಗಿಡಾನ ಹಚ್ಚೇವ್ರಿ ಸಾಹೇಬ್ರ" ಎಂದ. ಬೇರಿನ ಮಾತು ಅಲ್ಲಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ, ಈತ ಯಾರೂ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡಿದ್ದ.

ಖಾಲಾ ಬಗ್ಗಿ ಒಂದು ಸಸಿ ಹಿಡಿದು ಎಳೆದರು. ಸರಕ್ಕನೆ ಬಂತು. ಮಚ್ಚಿನಿಂದ ಕಡಿದ ಚೂಪು ತುದಿ, ಬೇರಿನ ಸುಳಿವೇ ಇಲ್ಲ. ಬೇವಿನ ಟೊಂಗೆ. ಇನ್ನೊಂದು ಎಳೆದರು, ಅದೂ ಬೇವು. ಮತ್ತೊಂದು ಹುಣಸೆ.

"ಏ ಖಾಲಾ, ಗಿಡಾ ಯಾಕ ಕೀಳಾಕತ್ತೀರಿ?" ಏಜೆಂಟು ಓಡಿ ಬಂದ.

"ಎಲ್ಲಿ ಕಿತ್ತೇನಪಾ? ಬರೇ ಎತ್ತೇನಿ" ಎಂದರು ಖಾಲಾ.

ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ಏಜೆಂಟು ಸಿಟ್ಟಿನಿಂದ ಉಳಿದವನ್ನೂ ಕಿತ್ತೆಸೆಯತೊಡಗಿದಾಗ, ಮೂಲೆಯ ಒಂದು ಟೊಂಗೆಯ ಮುಂದೆ ಖಾಲಾ ಅಡ್ಡ ನಿಂತರು. "ಇದನ್ನ ಬಿಡು. ಇದು ನುಗ್ಗಿ. ನುಗ್ಗಿ ಸುಳ್ಳ ಹಚ್ಚಿದ್ರೂ ಖರೇನ ಹತ್ತತೈತಿ." ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಗಾರ್ಡನ್ ಹಿಂಗಿದ್ರ ರಸ್ತೆ ಹೆಂಗಿರಬೇಕ್ರಿ? ಅದನ್ನೂ ಅಳದ ನೋಡ್ರಿ" ಎಂದರು. ಟೇಪು ಹಿಡಿದರು. ರಸ್ತೆ ನಕಾಶೆಯಲ್ಲಿದ್ದಷ್ಟು ಅಗಲ ಇರಲಿಲ್ಲ. ಸರಿಪಡಿಸುವ ತನಕ ಮಂಜೂರಿ ಇಲ್ಲವೆಂದು ಬರೆದುಕೊಂಡು ಅಧಿಕಾರಿ ಹೋದರು. ಖಾಲಾ ಅಲ್ಲಿ ಇರದಿದ್ದರೆ ಆ ಮನುಷ್ಯ ಬಗ್ಗಿ ಒಂದು ಸಸಿ ಮುಟ್ಟುತ್ತಿದ್ದರೇ? ನನಗೆ ಇವತ್ತಿಗೂ ಸಂಶಯ.

ಓಣಿಯಲ್ಲಿ ಖಾಲಾಗೆ ಶಾಭಾಸ್ ಸಿಗುತ್ತದೆ ಎಂದುಕೊಂಡಿದ್ದೆ. ಸಿಕ್ಕಿದ್ದು ಬೈಗುಳ. ಎಲ್ಲರ ಪ್ಲಾಟೂ ಅರ್ಧಕ್ಕೆ ನಿಂತಿತಲ್ಲ! ಬೇರೆ ಲೇಔಟಿನವರಿಂದ ದುಡ್ಡು ತಿಂದು ಹೀಗೆ ಮಾಡಿದ್ದಾಳೆ ಎಂದು ಯಾರೋ ಹಬ್ಬಿಸಿದರು. ನಮ್ಮ ಅತ್ತೆ, "ಬೆಂಕಿ ಇಲ್ದ ಹೊಗಿ ಆಡತೈತೇನ?" ಎಂದು ಅವರ ಮನೆಗೆ ಪಲ್ಯದ ಬಟ್ಟಲು ಕಳಿಸುವುದನ್ನೇ ನಿಲ್ಲಿಸಿದರು. ಒಂದು ದಿನ ನಾನು ತಡೆಯಲಾರದೆ ಖಾಲಾನನ್ನೇ ಕೇಳಿದೆ, "ಖರೇ ಏನ್ರಿ ಅದು?" ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಗಲ್ಲ ಹಿಡಿದು, "ಈಗ ಶಾಣ್ಯಾಕಿ ಆದಿ ನೋಡ. ಸಂಶೇ ಮಾಡು ಬೇ, ನನ್ನ ಮ್ಯಾಲೂ ಮಾಡು" ಎಂದು ನಕ್ಕರು.

ಆ ರಸ್ತೆ ಅಗಲವಾಗುವುದನ್ನು ಕಾಯುತ್ತಲೇ ಖಾಲಾ ಹೋದರು, ಅದೇ ಹಳೇ ಓಣಿಯಲ್ಲಿ. ಅದೇ ತಿರುವಿನಲ್ಲಿ ಅವರ ಜನಾಜಾವನ್ನೂ ಓರೆ ಮಾಡಿದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಆ ಗೋಡೆಯನ್ನು ಒಡೆದು ಹಾಕಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು...

ಮಂಜೂರಿ ಬಂದದ್ದು ಮರುವರ್ಷ. ರಸ್ತೆ ನಕಾಶೆಯಷ್ಟೇ ಅಗಲವಾಯಿತು, ಗಾರ್ಡನ್ನಿಗೆ ಬೇರಿರುವ ಸಸಿಗಳು ಬಂದವು. ಖಾಲಾ ಉಳಿಸಿದ ಮೂಲೆಯ ನುಗ್ಗೆ ಮಾತ್ರ ಅಷ್ಟರಲ್ಲೇ ಬೇರು ಬಿಟ್ಟು ಎದ್ದಿತ್ತು. ಖಾಲಾನ ಪ್ಲಾಟನ್ನು ಅವರ ಮಗ ಮಾರಿ ನಾಲತವಾಡದ ಕಡೆ ಹೋಗಿಬಿಟ್ಟ. ನಾವು ಇಲ್ಲಿ ಮನೆ ಕಟ್ಟಿದೆವು. ಈ ರಸ್ತೆಯ ಮೇಲೆ ನಾಲ್ವರ ಹೆಗಲೇರಿ ಮೊದಲು ಹೋದವರು ನಮ್ಮ ಅತ್ತೆ. ಯಾರೂ ಎಲ್ಲೂ ಓರೆ ಮಾಡಲಿಲ್ಲ. ನೆಟ್ಟಗೆ ಹೋದರು.

ಅವತ್ತು ಟೇಪಿನವರು ಹೋದ ಮೇಲೆ, ಅವರು ಕಡಿದು ಬಿಸುಟಿದ್ದ ನುಗ್ಗೆಯ ಕೊಂಬೆಗಳನ್ನೆಲ್ಲ ಸುಣ್ಣದ ಗೆರೆಯುದ್ದಕ್ಕೂ ನೆಟ್ಟು ನೀರು ಹಾಕಿದೆ. ಇವತ್ತು ಬೆಳಿಗ್ಗೆ ಒಂದು ಕಡ್ಡಿಯಲ್ಲಿ ಸಣ್ಣ ಚಿಗುರಿದೆ. ಚಿಗುರು ಬಂದ ಮಾತ್ರಕ್ಕೆ ಬೇರು ಬಂದಿದೆ ಎಂದಲ್ಲ, ಅದು ನನಗೂ ಗೊತ್ತು. ಎಳೆದು ನೋಡೋಣವೆಂದು ಕೈ ಚಾಚಿದೆ... ಧೈರ್ಯವಾಗಲಿಲ್ಲ. ಖಾಲಾ ಇದ್ದಿದ್ದರೆ ಎಳೆಯುತ್ತಿದ್ದರು.