ಗುಂಯ್ ಎನ್ನುವ ಸೋಬಾನೆ

ಮಳವಳ್ಳಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿಕೊಡುವ ರಘುನಂದನನಿಗೆ ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಇದ್ದದ್ದು ಒಂದೇ ಜಂಬ. ತನ್ನ ಕೈ ಮುಟ್ಟಿದ ಮೋಟರು ಸದ್ದು ಮಾಡುವುದಿಲ್ಲ. ಅಂಥವನು ಕಂಪ್ಯೂಟರಿನ ಹಾಡನ್ನು ಸ್ಪೀಕರಿಗೆ ಮುಟ್ಟಿಸುವ ಡಿಎಸಿ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಲು ಕೂತ. ಅದರೊಳಗಿನ ಚಿಪ್ ಕೊಡುವುದು ಕೂದಲೆಳೆಯಷ್ಟು ಕರೆಂಟು. ಅದನ್ನು ವೋಲ್ಟೇಜಾಗಿ ಬದಲಾಯಿಸಿದರೆ ಮಾತ್ರ ಹಾಡು. ಅದಕ್ಕೆಂದೇ ರೆಡಿಮೇಡ್ ಐಸಿ ಸಿಗುತ್ತದೆ.

"ಅದನ್ನ ಯಾವನ್ ಬೇಕಾದ್ರೂ ಆಕ್ತಾನೆ ಬುಡು," ಎಂದು ಮೂಗು ಮುರಿದು, ಬಿಡಿ ಟ್ರಾನ್ಸಿಸ್ಟರುಗಳಲ್ಲೇ ಮಾಡಹೊರಟ. ನೂರು ತಂದು, ಅಳೆದು, ಜೋಡಿ ಹೊಂದಿಸಿದ. ಎರಡೂ ಒಂದೇ ಸಮ ಬಿಸಿಯಾಗಲೆಂದು ಮೋಟರಿನ ಕಾಯಿಲಿಗೆ ಸುತ್ತುವ ಹತ್ತಿಪಟ್ಟಿಯಲ್ಲಿ ಮುಖಕ್ಕೆ ಮುಖ ಕೊಟ್ಟು ಬಿಗಿದ.

ಪರೀಕ್ಷೆಗೆ ಹಾಕಿದ್ದು ಒಂದೇ ಹಾಡು. ಅವನ ಮದುವೆಯಲ್ಲಿ, ತಮ್ಮ ಹಳ್ಳಿಮನೆಯ ಹಿತ್ತಿಲಲ್ಲಿ ಹೆಣ್ಣಿಗೆ ಎಣ್ಣೆನೀರು ಹಾಕುವಾಗ ಅವ್ವ ಹೇಳಿದ ಸೋಬಾನೆ. ಹಳೇ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡದ್ದು. ಅವ್ವನ ಉಸಿರು ಕೂಡ ಕೇಳಿಸಿತು. ಜೊತೆಗೇ ಗುಂಯ್ ಎನ್ನುವ ಸದ್ದೂ.

ಎಂಟು ದಿನ ಬೆಸುಗೆ ಬಿಚ್ಚಿದ, ಮತ್ತೆ ಹಾಕಿದ, ಟ್ರಾನ್ಸ್‌ಫಾರ್ಮರನ್ನು ಬೈದ, ಊರ ಕರೆಂಟನ್ನೂ ಬೈದ. ಗುಂಯ್ ಹೋಗಲಿಲ್ಲ.

ಒಂಬತ್ತನೆಯ ದಿನ ಹೆಂಡತಿ ಕುಸುಮ ಬಂದು ಹಾಡನ್ನು ನಿಲ್ಲಿಸಿದಳು. ಗುಂಯ್ ಕೂಡ ನಿಂತಿತು.

"ಸದ್ದು ನಿಮ್ ಪೆಟ್ಗೇಲಿಲ್ಲ, ಅತ್ತೆಮ್ಮನ್ ಆಡಲ್ಲೈತೆ. ಅವತ್ತು ನೀರಿಗೆ ಬಾವಿ ಮೋಟ್ರು ಓಡ್ತಿತ್ತು ಕಣ್ರೀ."

ಅವನು ಮತ್ತೆ ಹಾಕಿ ಕಿವಿಗೊಟ್ಟ.

"ಊಂ, ಮೋಟ್ರೇ ಕಣೇ. ಬೇರಿಂಗು ಸರ್ಯಾಗಿ ಕೂತಿಲ್ಲ. ಯಾವ್ ಬಡ್ಡೆತ್ತೋನು ರಿಪೇರಿ ಮಾಡಿದ್ದು ಇದ್ನ?"

"ಚಪ್ಪರದ್ ದಿನ ಅರಿಸ್ನ ಅಚ್ಚಕ್ ಬಂದ್ರೆ ಮೈತುಂಬ ಗ್ರೀಸ್ ಬಳ್ಕೊಂಡು ಕೂತಿದ್ರಲ್ಲ," ಎಂದಳು ಕುಸುಮ, "ನೀವೇ."